ಅಪ್ಪ ಅಮ್ಮ ಕಾಶಿಗೆ ಹೊರಟಿದ್ದಾರೆ, ರೈಲಿನಲ್ಲಿ ಕಳ್ಳರಿಂದ ಹೇಗೆ ಕಾಪಾಡಲಿ?

ಪ್ರಶ್ನೆ: ನನ್ನ ತಂದೆಗೆ 69 ವರ್ಷ, ತಾಯಿಗೆ 63. ಬರುವ ತಿಂಗಳು ಇಬ್ಬರೇ ಬೆಂಗಳೂರಿನಿಂದ ಸಂಘಮಿತ್ರ ಎಕ್ಸ್‌ಪ್ರೆಸ್‌ನಲ್ಲಿ ಕಾಶಿಗೆ ಹೋಗುತ್ತಿದ್ದಾರೆ. ಸ್ಲೀಪರ್ ಟಿಕೆಟ್ ಮಾಡಿಸಬೇಕು. ಎರಡು ವರ್ಷದ ಹಿಂದೆ ನಮ್ಮ ದೊಡ್ಡಪ್ಪನ ಚೀಲ ರಾತ್ರಿ ರೈಲಿನಲ್ಲಿ ಕಳುವಾಯಿತು. ಅವತ್ತಿನಿಂದ ನನಗೆ ಭಯ. ಅಮ್ಮ ತಾಳಿ ಸರ ತೆಗೆಯಲ್ಲ ಅನ್ನುತ್ತಾರೆ. ಅಪ್ಪನಿಗಿರುವುದು ಒಂದೇ ಬ್ಯಾಂಕ್ ಖಾತೆ, ಪೆನ್ಶನ್ ಅದಕ್ಕೇ ಬರುತ್ತದೆ, ಫೋನ್‌ಪೇ ಕೂಡ ಅದಕ್ಕೇ ಇದೆ. ಇಬ್ಬರಿಗೂ ಹಿಂದಿ ಅಷ್ಟಕ್ಕಷ್ಟೆ. ಬೇಡ ಅನ್ನಲು ಮನಸ್ಸಿಲ್ಲ. ಏನೇನು ಜಾಗ್ರತೆ ಮಾಡಬೇಕು? ಏನಾದರೂ ಆಗಿಬಿಟ್ಟರೆ ಯಾರಿಗೆ ಹೇಳಬೇಕು?
ಓದುಗರೊಬ್ಬರು, ದಾವಣಗೆರೆ

ಉತ್ತರ: ಮೊದಲು ಒಂದು ಮಾತು. ಅವರನ್ನು ಕಳಿಸಿಕೊಡಿ. ಈ ವಯಸ್ಸಿನಲ್ಲಿ ಇಬ್ಬರೂ ಕೂಡಿ ಕಾಶಿಗೆ ಹೋಗೋಣ ಅಂತ ಮನಸ್ಸು ಮಾಡಿದ್ದಾರೆ. ಅದನ್ನು ಕಳ್ಳರ ಹೆದರಿಕೆಗೆ ನಿಲ್ಲಿಸಬಾರದು.

ನಾನು ರೈಲ್ವೆ ಪೊಲೀಸ್‌ನಲ್ಲಿದ್ದಷ್ಟು ವರ್ಷ ಕಳವಿನ ದೂರು ಬರೆದುಕೊಂಡು ಬರೆದುಕೊಂಡು ಒಂದು ವಿಷಯ ತಲೆಯಲ್ಲಿ ಕೂತಿದೆ. ರೈಲಿನ ಕಳ್ಳ ಹೊತ್ತು ನೋಡಿ ಕೈ ಹಾಕುತ್ತಾನೆ. ನಿಮ್ಮ ಅಪ್ಪ ಅಮ್ಮನ ಪ್ರಯಾಣ ನಲವತ್ತು ಗಂಟೆಯ ಮೇಲೆ. ಅದರಲ್ಲಿ ಅವನಿಗೆ ಅನುಕೂಲದ ಹೊತ್ತು ನಾಲ್ಕೇ ನಾಲ್ಕು. ರೈಲು ಹತ್ತುವಾಗ, ರಾತ್ರಿ ಎರಡರಿಂದ ನಾಲ್ಕರ ಗಾಢ ನಿದ್ದೆಯಲ್ಲಿ, ಯಾವುದೋ ಸ್ಟೇಷನ್ನಿನಿಂದ ರೈಲು ಹೊರಡುವ ಆ ಒಂದು ನಿಮಿಷದಲ್ಲಿ, ಮತ್ತೆ ಇಳಿಯುವ ಗಡಿಬಿಡಿಯಲ್ಲಿ. ಇಷ್ಟು ಹೊತ್ತು ಮೈಯೆಲ್ಲ ಕಣ್ಣಾಗಿದ್ದರೆ ಸಾಕು. ಉಳಿದ ಸಮಯ ಕಿಟಕಿ ಪಕ್ಕ ಕೂತು ಊರು ಹೊಲ ನೋಡಿಕೊಂಡು ಹೋಗಲಿ. ಎರಡೂ ದಿನ ಚೀಲ ಅಪ್ಪಿಕೊಂಡು ಕೂರುವವರನ್ನೂ ನೋಡಿದ್ದೇನೆ. ಮೊದಲ ರಾತ್ರಿ ಕಣ್ಣು ಮುಚ್ಚುವುದಿಲ್ಲ, ಎರಡನೇ ರಾತ್ರಿ ಮೈಮೇಲೆ ಎಚ್ಚರವಿಲ್ಲದಂತೆ ಮಲಗಿಬಿಡುತ್ತಾರೆ. ಚೀಲ ಹೋಗುವುದು ಆವಾಗಲೇ.

ಟಿಕೆಟ್ ಇನ್ನೂ ಆಗಿಲ್ಲ ಅಂದಿದ್ದೀರಿ, ಒಳ್ಳೆಯದಾಯಿತು. 60 ದಾಟಿದ ಗಂಡಸರಿಗೆ, 45 ದಾಟಿದ ಹೆಂಗಸರಿಗೆ ಲೋಯರ್ ಬರ್ತ್ ಕೋಟಾ ಇದೆ. ಒಂದು ಟಿಕೆಟ್‌ನಲ್ಲಿ ಇಬ್ಬರಿಗಿಂತ ಜಾಸ್ತಿ ಜನ ಇರಬಾರದು. ಇವರು ಇಬ್ಬರೇ, ಸರಿಹೋಯಿತು. ಆ ಕೋಟಾದಲ್ಲೇ ಮಾಡಿಸಿ. ಇಬ್ಬರಿಗೂ ಕೆಳಗಿನ ಬರ್ತ್ ಸಿಕ್ಕರೆ ಅವರ ಚೀಲ ಅವರ ಬೆನ್ನ ಕೆಳಗೇ ಇರುತ್ತದೆ. ಮೇಲೆ ಮಲಗಿ ಕೆಳಗಿನ ಚೀಲ ಕಾಯುವುದು ಈ ವಯಸ್ಸಿನಲ್ಲಿ ಆಗದ ಮಾತು.

ಈಗ ಹತ್ತುವ ಹೊತ್ತಿಗೆ ಬರೋಣ. ಬಾಗಿಲಲ್ಲಿ ನೂಕುನುಗ್ಗಲು. ಅಪ್ಪನ ಎರಡು ಕೈಯಲ್ಲೂ ಚೀಲ. ಹಿಂದಿನಿಂದ ಒಬ್ಬ ತಳ್ಳುತ್ತಾನೆ, ಮುಂದೆ ಹತ್ತಿದವನು ಮೆಟ್ಟಿಲ ಮೇಲೆ ಸುಮ್ನೆ ನಿಂತುಬಿಡುತ್ತಾನೆ. ಆ ಅರ್ಧ ನಿಮಿಷದಲ್ಲಿ ಅಂಗಿ ಜೇಬಿನ ಫೋನು ಹೋಗಿರುತ್ತದೆ. ಮುಂದಿನವನೂ ಹಿಂದಿನವನೂ ಒಂದೇ ಗುಂಪಿನವರು. ಅದಕ್ಕೇ ಫೋನು, ದುಡ್ಡು ಯಾವುದೂ ಹತ್ತುವಾಗ ಅಂಗಿ ಜೇಬಿನಲ್ಲಿ ಇರಬಾರದು. ಒಬ್ಬರು ಮೊದಲು ಖಾಲಿ ಕೈಯಲ್ಲಿ ಹತ್ತಲಿ, ಇನ್ನೊಬ್ಬರು ಕೆಳಗಿನಿಂದ ಚೀಲ ಕೊಡಲಿ. ಸಾಧ್ಯವಾದರೆ ನೀವೇ ಹತ್ತು ರೂಪಾಯಿ ಪ್ಲಾಟ್‌ಫಾರ್ಮ್ ಟಿಕೆಟ್ ತೆಗೆದುಕೊಂಡು ಒಳಗೆ ಹೋಗಿ. ಚೀಲಗಳನ್ನು ನಿಮ್ಮ ಕೈಯಿಂದಲೇ ಬರ್ತ್ ಕೆಳಗಿಟ್ಟು, ಬೀಗ ಹಾಕಿ, ಬೀಗದ ಕೈ ಅಮ್ಮನಿಗೆ ಕೊಟ್ಟು ಇಳಿಯಿರಿ. ಅದಕ್ಕೆ ಹೊರಡುವ ಹೊತ್ತಿಗಿಂತ ಒಂದು ಗಂಟೆ ಮುಂಚೆ ಸ್ಟೇಷನ್ನಿನಲ್ಲಿರಬೇಕು, ಅಷ್ಟೆ.

ಬೀಗದ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಬಹಳ ಜನ ಬೀಗ ಹಾಕಿಯೂ ಕಳೆದುಕೊಳ್ಳುತ್ತಾರೆ. ಕೆಳಗಿನ ಸೀಟಿನ ಅಡಿಯಲ್ಲಿ ಬಗ್ಗಿ ಕೈಯಾಡಿಸಿದರೆ ಕಬ್ಬಿಣದ ಬಳೆ ಸಿಗುತ್ತದೆ. ಸಾಮಾನು ಕಟ್ಟಲೆಂದೇ ರೈಲ್ವೆಯವರು ಹಾಕಿಸಿದ್ದು. ಚೈನನ್ನು ಆ ಬಳೆಯಲ್ಲೇ ತೂರಿಸಬೇಕು. ಒಂದು ಚೀಲವನ್ನು ಇನ್ನೊಂದು ಚೀಲಕ್ಕೆ ಕಟ್ಟಿ ಬಿಟ್ಟರೆ ಕಳ್ಳ ಎರಡನ್ನೂ ಒಟ್ಟಿಗೆ ಎಳೆದುಕೊಂಡು ಹೋಗುತ್ತಾನೆ. ಇನ್ನು ಜಿಪ್. ಎರಡೂ ಜಿಪ್ ತಲೆಗಳನ್ನು ಸೇರಿಸಿ ಪುಟ್ಟ ಬೀಗ ಹಾಕಿದೆವು, ಆಯಿತು ಅಂದುಕೊಳ್ಳುತ್ತೇವೆ. ಮನೆಯಲ್ಲೇ ಒಂದು ಬಾಲ್‌ಪೆನ್ ತೆಗೆದುಕೊಂಡು ಜಿಪ್ಪಿನ ಹಲ್ಲುಗಳ ನಡುವೆ ಒತ್ತಿ ನೋಡಿ. ಪಟ್ಟನೆ ಬಿಟ್ಟುಕೊಳ್ಳುತ್ತದೆ. ಒಳಗಿನದನ್ನು ತೆಗೆದುಕೊಂಡು, ಬೀಗ ಹಾಕಿದ ಆ ತಲೆಗಳನ್ನೇ ಒಮ್ಮೆ ಈ ಕಡೆಯಿಂದ ಆ ಕಡೆಗೆ ಎಳೆದರೆ ಜಿಪ್ ಮತ್ತೆ ಮುಚ್ಚಿಕೊಳ್ಳುತ್ತದೆ. ಚೀಲ ಮುಟ್ಟಿದ ಗುರುತೇ ಇರುವುದಿಲ್ಲ. ಊರು ತಲುಪಿ ಬಿಚ್ಚಿದಾಗಲೇ ಗೊತ್ತಾಗುವುದು. ಇದಕ್ಕೆ ಉಪಾಯ ಸುಲಭ. ಜಿಪ್ ತಲೆಗಳನ್ನು ಚೀಲದ ಹಿಡಿಗೇ ಸೇರಿಸಿ ಬೀಗ ಹಾಕಿ. ಆಗ ತಲೆ ಸರಿಯುವುದಿಲ್ಲ, ಮತ್ತೆ ಮುಚ್ಚಲು ಬರುವುದಿಲ್ಲ. ಗುರುತು ಉಳಿಯುವ ಕೆಲಸಕ್ಕೆ ಕಳ್ಳ ಹಿಂಜರಿಯುತ್ತಾನೆ. ಬೆಲೆ ಬಾಳುವ ಯಾವುದನ್ನೂ ಆ ಚೀಲದಲ್ಲಿ ಇಡಲೇಬಾರದು ಅನ್ನುವುದು ಅದಕ್ಕಿಂತ ಮುಖ್ಯ. ಬಟ್ಟೆ, ಬುತ್ತಿ, ಚಟ್ನಿಪುಡಿ ಇರಲಿ.

ರಾತ್ರಿ ಮಲಗುವಾಗ ಕಿಟಕಿ ಷಟರ್ ಇಳಿಸಲೇಬೇಕು. ಸೆಖೆ ಅಂತ ತೆಗೆದಿಟ್ಟು, ಅದೇ ಕಡೆಗೆ ತಲೆ ಹಾಕಿ ಮಲಗುವವರು ಜಾಸ್ತಿ. ಸಿಗ್ನಲ್ ಸಿಗದೆ ರೈಲು ಊರಾಚೆ ನಿಂತಾಗ ಹೊರಗಿನಿಂದ ಕೈ ಹಾಕಿ ಕತ್ತಿನ ಸರ ಎಳೆಯುತ್ತಾರೆ. ಸರದ ಜೊತೆ ಕತ್ತಿನ ಚರ್ಮವೂ ಕಿತ್ತು ಬಂದ ಹೆಂಗಸರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೇನೆ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿರುವುದು. ಫೋನನ್ನು ಚಾರ್ಜಿಗೆ ಹಾಕಿ ಮಲಗುವುದೂ ಬೇಡ. ಒಂದು ಪವರ್ ಬ್ಯಾಂಕ್ ಕೊಡಿಸಿ. ಒಬ್ಬರು ಬಾತ್‌ರೂಮಿಗೆ ಎದ್ದರೆ ಇನ್ನೊಬ್ಬರನ್ನು ಎಬ್ಬಿಸಿ ಹೋಗಲಿ. ನಿದ್ದೆ ಕೆಡುತ್ತದೆ ಪಾಪ ಅಂತ ಸಂಕೋಚ ಪಡುತ್ತಾರೆ. ಎರಡು ರಾತ್ರಿ ತಾನೆ, ಪರವಾಗಿಲ್ಲ ಅಂತ ನೀವೇ ಇಬ್ಬರಿಗೂ ಹೇಳಿ. ಹಗಲಿನಲ್ಲಿ ಬಾಗಿಲ ಬಳಿ ನಿಂತು ಫೋನಿನಲ್ಲಿ ಮಾತಾಡುವುದೂ ಅಪಾಯ. ಮುಂಬೈ ಕಡೆ ಹಳಿಯ ಪಕ್ಕ ನಿಂತು, ರೈಲು ನಿಧಾನವಾದಾಗ ಕೋಲಿನಿಂದ ಕೈಗೆ ಹೊಡೆದು ಫೋನು ಬೀಳಿಸುವ ಗುಂಪುಗಳೇ ಇವೆ. ಅವರನ್ನು ಫಟ್ಕಾ ಗ್ಯಾಂಗ್ ಅನ್ನುತ್ತಾರೆ. ಫೋನಿನ ಜೊತೆ ಮನುಷ್ಯರೂ ಕೆಳಗೆ ಬಿದ್ದು ಕೈಕಾಲು ಕಳೆದುಕೊಂಡಿದ್ದಾರೆ.

ಊಟ ತಿಂಡಿ ವಿಷಯ ಹೇಳಲು ನನಗೆ ಬೇಸರವೇ. ರೈಲಿನಲ್ಲಿ ಹಂಚಿಕೊಂಡು ತಿನ್ನುವುದು ನಮ್ಮ ಜನರ ಒಳ್ಳೆಯ ಗುಣ. ಎದುರಿಗೆ ಕೂತವರಿಗೆ ಕೊಡದೆ ನಾವು ತಿನ್ನುವುದಿಲ್ಲ. ನಿಮ್ಮ ಅಮ್ಮ ಕೊಡಲಿ, ಧಾರಾಳವಾಗಿ ಕೊಡಲಿ. ತೆಗೆದುಕೊಳ್ಳುವಾಗ ಮಾತ್ರ ಬೇಡ. ಬಿಸ್ಕತ್ತಿನಲ್ಲಿ, ಟೀಯಲ್ಲಿ, ಪ್ರಸಾದ ಅಂತ ಕೊಟ್ಟ ಪೇಡದಲ್ಲಿ ಪ್ರಜ್ಞೆ ತಪ್ಪಿಸುವ ಮಾತ್ರೆ ಪುಡಿ ಬೆರೆಸಿ ದೋಚುವವರು ಇದ್ದಾರೆ. ಉತ್ತರದ ಕಡೆ ಇದಕ್ಕೆ ಜಹರ್‌ಖುರಾನಿ ಅಂತ ಹೆಸರೇ ಇದೆ. ಅವರು ಬೋಗಿ ಹತ್ತಿದ ತಕ್ಷಣ ಕೊಡುವುದಿಲ್ಲ. ನಾಲ್ಕೈದು ಗಂಟೆ ಮಾತಾಡುತ್ತಾರೆ, ಮಕ್ಕಳ ವಿಷಯ ಕೇಳುತ್ತಾರೆ, ತಾವೂ ಅದೇ ಪೊಟ್ಟಣದಿಂದ ಒಂದು ಬಿಸ್ಕತ್ತು ತಿಂದು ತೋರಿಸುತ್ತಾರೆ. ವಯಸ್ಸಾದವರಿಗೆ ಆ ಮಾತ್ರೆ ಜೀವಕ್ಕೇ ಕುತ್ತು. ಬಿಪಿ, ಶುಗರ್ ಮಾತ್ರೆ ಮೊದಲೇ ಹೊಟ್ಟೆಯಲ್ಲಿರುತ್ತದೆ ನೋಡಿ.

ಬೇಡ ಅಂತ ಹೇಗೆ ಹೇಳುವುದು? ಮುಖ ಮುರಿದಂತೆ ಆಗುತ್ತದೆ ಅಂತ ಒಪ್ಪಿಕೊಳ್ಳುವವರೇ ಹೆಚ್ಚು. ನಾನು ಎಲ್ಲರಿಗೂ ಹೇಳಿಕೊಡುವುದು ಎರಡು ಮಾತು. ಗಂಡಸರು ‘ಶುಗರ್ ಹೈ’ ಅನ್ನಲಿ. ಹೆಂಗಸರು ‘ಆಜ್ ವ್ರತ್ ಹೈ’ ಅನ್ನಲಿ. ಕಾಶಿಗೆ ಹೊರಟವರು ವ್ರತದಲ್ಲಿದ್ದೇವೆ ಅಂದರೆ ಯಾರೂ ಬಲವಂತ ಮಾಡುವುದಿಲ್ಲ, ಕೈ ಮುಗಿಯುತ್ತಾರೆ. ಟೀ ಬೇಕಾದರೆ ಪ್ಯಾಂಟ್ರಿಯವರಿಂದ ನೇರವಾಗಿ ತಮ್ಮ ಕೈಗೇ ತೆಗೆದುಕೊಳ್ಳಲಿ. ಅರ್ಧ ಕುಡಿದ ನೀರಿನ ಬಾಟಲಿಯನ್ನು ಸೀಟಿನ ಮೇಲಿಟ್ಟು ಎದ್ದು ಹೋಗಿದ್ದರೆ, ಬಂದ ಮೇಲೆ ಅದನ್ನು ಚೆಲ್ಲಿಬಿಡಲಿ.

ತಾಳಿ ಸರದ ಮಾತು ನಾಜೂಕಿನದು. ‘ತೆಗೆದಿಟ್ಟು ಹೋಗಿ’ ಅಂತ ಮಕ್ಕಳೇ ಹೇಳಿದರೆ ತಾಯಿಗೆ ನೋವಾಗುತ್ತದೆ. ತೆಗೆಯಿರಿ ಅನ್ನಬೇಡಿ, ಬದಲಾಯಿಸಿ ಅನ್ನಿ. ಅರಿಶಿನದ ದಾರಕ್ಕೆ ಅರಿಶಿನ ಕೊಂಬು ಕಟ್ಟಿ ಕೊರಳಿಗೆ ಹಾಕಿಕೊಳ್ಳುವುದು ನಮ್ಮಲ್ಲಿ ಹಿಂದಿನಿಂದ ಬಂದದ್ದೇ ತಾನೆ? ಬಂಗಾರ ಗಿರವಿಗೆ ಹೋದಾಗ, ಸರ ತುಂಡಾಗಿ ಅಕ್ಕಸಾಲಿಗರ ಹತ್ತಿರ ಇದ್ದಾಗ ನಮ್ಮ ಅಜ್ಜಿಯರು ಹಾಗೇ ಮಾಡುತ್ತಿದ್ದರು. ಅದೂ ಒಪ್ಪದಿದ್ದರೆ ತಾಳಿಯನ್ನು ಮಾತ್ರ ಅರಿಶಿನ ದಾರಕ್ಕೆ ಪೋಣಿಸಿ ಹಾಕಿಕೊಳ್ಳಲಿ, ಬಂಗಾರದ ಎಳೆ ಮನೆಯಲ್ಲಿರಲಿ. ಕಳ್ಳನ ಕಣ್ಣು ಬೀಳುವುದು ಎಳೆಯ ಮೇಲೆ. ಬಳೆ, ಓಲೆ, ಉಂಗುರಕ್ಕೂ ಇದೇ ಮಾತು. ಅಪ್ಪನ ಬೆರಳಿನಲ್ಲಿ ಬಿಗಿಯಾದ ಹಳೇ ಉಂಗುರ ಇದ್ದರೆ ಈಗಲೇ ಸೋಪು ಹಚ್ಚಿ ತೆಗೆಸಿಡಿ.

ನಗದು ಎರಡು ಭಾಗ ಆಗಬೇಕು. ದಿನದ ಖರ್ಚಿಗೆ ಒಂದೆರಡು ಸಾವಿರ ಕೈಗೆ ಸಿಗುವ ಪರ್ಸಿನಲ್ಲಿರಲಿ. ಉಳಿದದ್ದು ಮೈಗಂಟಿದಂತೆ ಇರಬೇಕು. ಅಪ್ಪನಿಗೆ ಒಳಜೇಬಿರುವ ಬನಿಯನ್ ಹೊಲಿಸಿ, ದಾವಣಗೆರೆಯಲ್ಲಿ ಯಾವ ದರ್ಜಿಯಾದರೂ ಹೊಲಿದುಕೊಡುತ್ತಾರೆ. ಅಮ್ಮನಿಗೆ ಲಂಗದ ಒಳಗೆ ಜಿಪ್ ಇರುವ ಜೇಬು. ದುಡ್ಡು ಎಣಿಸುವುದು, ಎತ್ತಿಡುವುದು ಬೋಗಿಯಲ್ಲಿ ಎಲ್ಲರ ಎದುರು ಬೇಡ. ದೊಡ್ಡ ಗಂಟಿನಿಂದ ಒಂದು ನೋಟು ಎಳೆದು ಟೀಯವನಿಗೆ ಕೊಡುವುದನ್ನು ಒಬ್ಬ ನೋಡಿದರೆ ಸಾಕು, ಆ ರಾತ್ರಿಗೆ ಅವನಿಗೆ ಕೆಲಸ ಸಿಕ್ಕಿತು.

ಈಗ ಫೋನು. ನಿಮ್ಮ ಪತ್ರದಲ್ಲಿ ನನಗೆ ಅತಿ ಹೆಚ್ಚು ಚಿಂತೆ ಹುಟ್ಟಿಸಿದ ಸಾಲು ಇದೇ: ಒಂದೇ ಖಾತೆ, ಎಲ್ಲವೂ ಫೋನಿನಲ್ಲಿ. ಚೀಲ ಹೋದರೆ ನಾಲ್ಕು ಸೀರೆ ಹೋದವು ಅಂದುಕೊಳ್ಳಬಹುದು. ಫೋನು ಹೋದರೆ ಪೆನ್ಶನ್ ದುಡ್ಡೇ ಹೋಗಬಹುದು. ಫೋನಿಗೆ ಲಾಕ್ ಇದೆಯಲ್ಲ ಅಂತ ಧೈರ್ಯ ಪಡುತ್ತೇವೆ. ಕಳ್ಳನಿಗೆ ಆ ಲಾಕ್ ಬಿಚ್ಚುವ ಅಗತ್ಯವೇ ಇಲ್ಲ. ಒಂದು ಪಿನ್ನು ಚುಚ್ಚಿ ಸಿಮ್ ಹೊರಗೆ ತೆಗೆದು, ತನ್ನ ಹ್ಯಾಂಡ್‌ಸೆಟ್‌ಗೆ ಹಾಕಿದರೆ ಬರುವ ಒಟಿಪಿಗಳೆಲ್ಲ ಅವನಿಗೇ ಬರುತ್ತವೆ. ಅದೇ ಪರ್ಸಿನಲ್ಲಿ ಡೆಬಿಟ್ ಕಾರ್ಡ್ ಕೂಡ ಸಿಕ್ಕಿದ್ದರಂತೂ ಮುಗಿದೇ ಹೋಯಿತು. ಕಾರ್ಡಿನ ಕೊನೆಯ ಆರು ಅಂಕಿ, ಅವಧಿ ಮುಗಿಯುವ ತಿಂಗಳು, ಮತ್ತೊಂದು ಒಟಿಪಿ. ಇಷ್ಟಿದ್ದರೆ ಯುಪಿಐ ಪಿನ್ನನ್ನೇ ಹೊಸದಾಗಿ ಇಟ್ಟುಕೊಳ್ಳಬಹುದು.

ಅದಕ್ಕೆ ಸಿಮ್‌ಗೇ ಬೀಗ ಹಾಕಬೇಕು. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಸಿಮ್ ಲಾಕ್ ಅಂತ ಇರುತ್ತದೆ. ಅದನ್ನು ಹಾಕಿದರೆ ಸಿಮ್ಮನ್ನು ಬೇರೆ ಫೋನಿಗೆ ಹಾಕಿದ ಕೂಡಲೇ ನಾಲ್ಕಂಕಿಯ ಪಿನ್ ಕೇಳುತ್ತದೆ. ಮೂರು ಸಲ ತಪ್ಪಾಗಿ ಒತ್ತಿದರೆ ಸಿಮ್ ನಿಂತುಹೋಗುತ್ತದೆ, ಆಮೇಲೆ ಕಂಪನಿಯ ಪಕ್ ನಂಬರ್ ಬೇಕು. ಹಾಗಾಗಿ ಸುಮ್ನೆ ಅಂದಾಜಿನಲ್ಲಿ ಒತ್ತಬೇಡಿ. ನಿಮ್ಮ ಸಿಮ್ ಕಂಪನಿಯ ಅಂಗಡಿಗೆ ಅಪ್ಪನನ್ನೇ ಕರೆದುಕೊಂಡು ಹೋಗಿ ಮಾಡಿಸಿ. ಹತ್ತು ನಿಮಿಷದ ಕೆಲಸ. ಇಡೀ ಪತ್ರದಲ್ಲಿ ಒಂದೇ ಒಂದು ಕೆಲಸ ಮಾಡುತ್ತೇನೆ ಅನ್ನುವುದಾದರೆ ಇದನ್ನೇ ಮಾಡಿ.

ಎರಡನೆಯದು, ಪ್ರಯಾಣಕ್ಕೆಂದೇ ಬೇರೆ ಖಾತೆ ಇರಲಿ. ಅದರಲ್ಲಿ ಹತ್ತು ಸಾವಿರ ಹಾಕಿ. ಅಪ್ಪನ ಫೋನಿನ ಯುಪಿಐಗೆ ಅದನ್ನು ಜೋಡಿಸಿ, ಪೆನ್ಶನ್ ಖಾತೆಯನ್ನು ಅಷ್ಟು ದಿನ ಯುಪಿಐಯಿಂದ ತೆಗೆದುಹಾಕಿ. ಖರ್ಚಾದ ಹಾಗೆ ಇಲ್ಲಿಂದ ನೀವು ಹಾಕುತ್ತಿರಿ. ಪೆನ್ಶನ್ ಖಾತೆಯ ಕಾರ್ಡು ಮನೆಯ ಬೀರುವಿನಲ್ಲೇ ಇರಲಿ. ಇನ್ನೊಂದು, ಫೋನಿನಲ್ಲಿ *#06# ಒತ್ತಿದರೆ 15 ಅಂಕಿಯ ಐಎಂಇಐ, ಅಂದರೆ ಆ ಫೋನಿನ ಗುರುತಿನ ನಂಬರ್ ಬರುತ್ತದೆ. ಅದನ್ನು ನಿಮ್ಮ ಹತ್ತಿರ ಬರೆದಿಟ್ಟುಕೊಳ್ಳಿ. ಫೋನು ಕಳುವಾದರೆ ದೂರಿನ ಪ್ರತಿ ಜೊತೆ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಪೋರ್ಟಲ್‌ನ ಸಿಇಐಆರ್‌ನಲ್ಲಿ ಆ ನಂಬರ್ ಕೊಟ್ಟರೆ ದೇಶದ ಯಾವ ನೆಟ್‌ವರ್ಕ್‌ನಲ್ಲೂ ಆ ಫೋನು ನಡೆಯದಂತೆ ಮಾಡುತ್ತಾರೆ. 2023ರ ಮೇ ತಿಂಗಳಿಂದ ಇದು ದೇಶಕ್ಕೆಲ್ಲ ಇದೆ. ಹೀಗೆ ಪತ್ತೆಯಾಗಿ ವಾಪಸ್ ಬಂದ ಫೋನುಗಳು ನಮ್ಮ ಕರ್ನಾಟಕದಲ್ಲೇ ಎಷ್ಟೋ ಇವೆ.

ಇಳಿಯುವ ಹೊತ್ತು. ಕಾಶಿಗೆ ಹೋಗಲು ಇವರು ಇಳಿಯುವ ಜಂಕ್ಷನ್‌ಗೆ ಈಗ ಪಂಡಿತ್ ದೀನದಯಾಳ್ ಉಪಾಧ್ಯಾಯ ಜಂಕ್ಷನ್ ಅಂತ ಹೆಸರು. 2018ರವರೆಗೆ ಅದು ಮೊಘಲ್‌ಸರಾಯ್. ಬೋರ್ಡಿನಲ್ಲಿ ಒಂದು ಹೆಸರು, ಜನರ ಬಾಯಲ್ಲಿ ಇನ್ನೊಂದು. ಅಪ್ಪನಿಗೆ ಎರಡೂ ಹೆಸರು ಹೇಳಿಡಿ. ಇಲ್ಲದಿದ್ದರೆ ಕೊನೇ ನಿಮಿಷದಲ್ಲಿ ಗೊತ್ತಾಗಿ, ಗಾಬರಿಯಲ್ಲಿ ಇಳಿದು, ಒಂದು ಚೀಲ ಬಿಟ್ಟೇಬಿಡುತ್ತಾರೆ. ಹಾಗೆ ಬಿಟ್ಟರೂ ಕೂಡಲೇ ರೈಲ್ವೆ ಸಹಾಯವಾಣಿ 139ಕ್ಕೆ ಬೋಗಿ ನಂಬರ್, ಬರ್ತ್ ನಂಬರ್ ಹೇಳಲಿ. ಮುಂದಿನ ಸ್ಟೇಷನ್ನಿನಲ್ಲಿ ರೈಲ್ವೆ ರಕ್ಷಣಾ ಪಡೆ, ಅಂದರೆ ಆರ್‌ಪಿಎಫ್‌ನವರು ಇಳಿಸಿಟ್ಟುಕೊಳ್ಳುತ್ತಾರೆ. ಅಲ್ಲಿಂದ ಕಾಶಿ ಇನ್ನೂ ಹದಿನೈದು ಕಿಲೋಮೀಟರ್ ಮೇಲಿದೆ. ಕತ್ತಲಲ್ಲಿ ಇಳಿಯುವಂತಾದರೆ ಆಟೋ ಹತ್ತುವುದು ಬೇಡ. ವೇಟಿಂಗ್ ರೂಮಿನಲ್ಲಿ ಬೆಳಗಾಗುವವರೆಗೆ ಕೂತಿದ್ದು ಹೊರಡಲಿ. ಪ್ಲಾಟ್‌ಫಾರ್ಮಿನ ಮೇಲೇ ಬಂದು ಚೀಲಕ್ಕೆ ಕೈ ಹಾಕಿ ‘ಚಲೋ ಬಾಬೂಜಿ’ ಅನ್ನುವವನ ಹಿಂದೆ ಹೋಗಬಾರದು.

ಕಾಶಿಯಲ್ಲಿ ಉಳಿಯುವ ಜಾಗ ಇಲ್ಲಿಂದಲೇ ಗೊತ್ತಾಗಿರಬೇಕು. ನಮ್ಮ ಕಡೆಯವರು ಜಂಗಮವಾಡಿ ಮಠದಲ್ಲಿ ಉಳಿಯುವುದು ರೂಢಿ. ಗೊದೌಲಿಯಾ ಹತ್ತಿರ, ಕನ್ನಡ ಬಲ್ಲವರೂ ಸಿಗುತ್ತಾರೆ. ಎಲ್ಲೇ ಉಳಿದರೂ ಹುಡುಕಿದಾಗ ಮೊದಲು ಕಾಣುವ ವೆಬ್‌ಸೈಟಿಗೆ ದುಡ್ಡು ಹಾಕಬೇಡಿ. ಕೇದಾರನಾಥದ ಹೆಲಿಕಾಪ್ಟರ್, ಯಾತ್ರಿಗಳ ವಸತಿ ಅಂತ ನಕಲಿ ವೆಬ್‌ಸೈಟ್ ಮಾಡಿ ಮೋಸ ಮಾಡುತ್ತಿದ್ದಾರೆ ಎಂದು ಕೇಂದ್ರ ಗೃಹ ಇಲಾಖೆಯ ಸೈಬರ್ ಅಪರಾಧ ಸಮನ್ವಯ ಕೇಂದ್ರವೇ 2025ರ ಏಪ್ರಿಲ್‌ನಲ್ಲಿ ಎಚ್ಚರಿಸಿತ್ತು. ವಿಶ್ವನಾಥನ ವಿಶೇಷ ದರ್ಶನದ ಟಿಕೆಟ್ ಬೇಕಿದ್ದರೆ ದೇವಸ್ಥಾನದ ಟ್ರಸ್ಟ್‌ನ ಸ್ವಂತ ವೆಬ್‌ಸೈಟ್‌ನಲ್ಲೇ ತೆಗೆಯಿರಿ. ಗಲ್ಲಿಯಲ್ಲಿ ‘ಲೈನ್ ಇಲ್ಲದೆ ಕರೆದುಕೊಂಡು ಹೋಗುತ್ತೇನೆ’ ಅನ್ನುವವರಿಗೆ ಒಂದು ರೂಪಾಯಿಯೂ ಬೇಡ. ಗುಡಿಯೊಳಗೆ ಫೋನು ಬಿಡುವುದಿಲ್ಲ, ಹಾಗಾಗಿ ದರ್ಶನಕ್ಕೆ ಹೋಗುವಾಗ ಫೋನನ್ನು ರೂಮಿನಲ್ಲೇ ಬೀಗ ಹಾಕಿಟ್ಟು ಹೋಗುವುದು ಎಲ್ಲಕ್ಕಿಂತ ಒಳ್ಳೆಯದು. ಹೂವಿನ ಅಂಗಡಿಯವರು ಲಾಕರ್ ಫ್ರೀ ಅಂತ ಕರೆದು, ಆಮೇಲೆ ಪೂಜೆ ತಟ್ಟೆಗೆ ಬಾಯಿಗೆ ಬಂದ ಬೆಲೆ ಹೇಳುತ್ತಾರೆ. ದೋಣಿ ಹತ್ತುವ ಮುಂಚೆ ಇಬ್ಬರಿಗೂ ಸೇರಿ ಎಷ್ಟು ಅಂತ ಮಾತಾಡಿಕೊಳ್ಳಲಿ.

ಮಣಿಕರ್ಣಿಕಾ ಘಾಟ್ ಬಗ್ಗೆ ಮಾತ್ರ ಬೇರೆಯಾಗಿ ಹೇಳಬೇಕು. ಅಲ್ಲಿ ಚಿತೆ ಉರಿಯುವುದನ್ನು ನೋಡುತ್ತಾ ನಿಂತಾಗ ಮನಸ್ಸು ಮೆತ್ತಗಾಗಿರುತ್ತದೆ. ಆಗ ಒಬ್ಬ ಪಕ್ಕಕ್ಕೆ ಬರುತ್ತಾನೆ. ತಾನು ಇಲ್ಲಿ ಸೇವೆ ಮಾಡುವವನು, ದಿಕ್ಕಿಲ್ಲದ ಮುದುಕರು ಸಾವಿಗೆ ಕಾಯುತ್ತಿದ್ದಾರೆ, ಅವರ ಚಿತೆಗೆ ಸೌದೆ ಕೊಡಿಸಿ ಅನ್ನುತ್ತಾನೆ. ಕೆಜಿಗೆ ಇಷ್ಟು ಅಂತ ಲೆಕ್ಕ ಹೇಳುತ್ತಾನೆ. ಕೊಟ್ಟದ್ದು ಕಡಿಮೆಯಾದರೆ ನಿಮ್ಮ ಕರ್ಮ ಕೆಡುತ್ತದೆ ಅಂತ ಹೆದರಿಸುತ್ತಾನೆ. ಆ ದುಡ್ಡು ಯಾವ ಚಿತೆಗೂ ಹೋಗುವುದಿಲ್ಲ. ಭಕ್ತಿಯಿಂದ ಹೋದವರನ್ನು ಸಾವಿನ ಹೆಸರು ಹೇಳಿ ಸುಲಿಯುವುದನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ. ದಾನ ಮಾಡಬೇಕು ಅನ್ನಿಸಿದರೆ ಉಳಿದುಕೊಂಡ ಮಠದ ದಾಸೋಹಕ್ಕೆ ರಸೀದಿ ಪಡೆದು ಕೊಡಲಿ.

ಇಷ್ಟೆಲ್ಲ ಮಾಡಿಯೂ ಏನಾದರೂ ಆದರೆ? ರೈಲಿನಲ್ಲಿದ್ದಾಗ 139. ಮೊದಲು ಆರ್‌ಪಿಎಫ್‌ಗೆ 182 ಅಂತ ಬೇರೆ ನಂಬರ್ ಇತ್ತು, 2021ರಲ್ಲಿ ಅದನ್ನೂ 139ಕ್ಕೇ ಸೇರಿಸಿದರು. ಕರೆ ಮಾಡಿ 1 ಒತ್ತಿದರೆ ಭದ್ರತೆ ಮತ್ತು ಆಸ್ಪತ್ರೆ ಸಹಾಯಕ್ಕೆ ಹೋಗುತ್ತದೆ. ಇಲ್ಲಿ ಜನರಿಗೆ ಗೊತ್ತಿಲ್ಲದ ಒಂದು ವಿಷಯ ಇದೆ. ಕಳವಿನ ದೂರು ಕೊಡಲು ರೈಲಿನಿಂದ ಇಳಿಯಬೇಕಾಗಿಲ್ಲ. ಟಿಸಿ ಹತ್ತಿರ, ಗಾರ್ಡ್ ಹತ್ತಿರ, ರೈಲಿನಲ್ಲಿರುವ ಪೊಲೀಸರ ಹತ್ತಿರ ಎಫ್‌ಐಆರ್ ಫಾರ್ಮ್ ಇರುತ್ತದೆ. ಅದನ್ನು ಸೀಟಿನಲ್ಲೇ ಕೂತು ತುಂಬಿ ಕೊಟ್ಟರೆ ಮುಂದಿನ ರೈಲ್ವೆ ಪೊಲೀಸ್ ಠಾಣೆಗೆ ಅವರೇ ಮುಟ್ಟಿಸಬೇಕು. ‘ಇಲ್ಲೇ ಇಳಿದು ಠಾಣೆಗೆ ಬನ್ನಿ’ ಅಂದ ಕೂಡಲೇ ಎಷ್ಟೋ ಜನ ರೈಲು ತಪ್ಪುತ್ತದೆ ಅಂತ ದೂರನ್ನೇ ಬಿಡುತ್ತಾರೆ. ಕಳ್ಳರಿಗೆ ಬೇಕಾಗಿರುವುದೂ ಅದೇ.

ಸಂಘಮಿತ್ರ ಎಂಟು ರಾಜ್ಯಗಳಲ್ಲಿ ಓಡುವ ರೈಲು. ಕಳುವಾದದ್ದು ಮಹಾರಾಷ್ಟ್ರದಲ್ಲೋ ಮಧ್ಯಪ್ರದೇಶದಲ್ಲೋ ಯಾರಿಗೆ ಗೊತ್ತು? ‘ಇದು ನಮ್ಮ ಗಡಿಗೆ ಬರಲ್ಲ’ ಅನ್ನುವ ಮಾತಿಗೆ ಈಗ ಕಾನೂನಿನಲ್ಲಿ ಜಾಗವಿಲ್ಲ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ, ಅಪರಾಧ ಎಲ್ಲೇ ಆಗಿರಲಿ, ಯಾವ ಠಾಣೆಯವರೂ ದೂರು ಬರೆದುಕೊಳ್ಳಬೇಕು. ಇದೇ ಝೀರೋ ಎಫ್‌ಐಆರ್. ಅದರ ಪ್ರತಿ ಉಚಿತ. ಆನ್‌ಲೈನ್‌ನಲ್ಲಿ ಕೊಟ್ಟರೆ ಮೂರು ದಿನದೊಳಗೆ ಸಹಿ ಹಾಕಬೇಕು, ಅಷ್ಟೆ. ಒಂದು ಎಚ್ಚರ. ‘ಕಳೆದುಹೋಗಿದೆ’ ಅಂತ ಬರೆಸಬೇಡಿ, ‘ಕಳುವಾಗಿದೆ’ ಅಂತಲೇ ಬರೆಸಿ. ಕಳೆದುಹೋಯಿತು ಅಂದರೆ ಅದು ಬರೀ ಮಾಹಿತಿ ಚೀಟಿ, ತನಿಖೆ ಆಗುವುದಿಲ್ಲ.

ದುಡ್ಡು ಖಾತೆಯಿಂದ ಹೋಗಿದ್ದರೆ ದೂರಿನ ಕೆಲಸಕ್ಕಿಂತ ಮುಂಚೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ. ನೀವು ದಾವಣಗೆರೆಯಿಂದಲೇ ಮಾಡಬಹುದು. ಮೊದಲ ಒಂದೆರಡು ಗಂಟೆಯೊಳಗೆ ಹೇಳಿದರೆ ಆ ದುಡ್ಡು ಮುಂದಿನ ಖಾತೆಯಲ್ಲಿ ನಿಂತಿರುವಾಗಲೇ ತಡೆಹಿಡಿಯುವ ಅವಕಾಶ ಇರುತ್ತದೆ. ಜೊತೆಗೇ ಸಿಮ್ ಬ್ಲಾಕ್ ಮಾಡಿಸಿ.

ರೈಲ್ವೆಯಿಂದ ಪರಿಹಾರ ಸಿಗುತ್ತದಾ ಅಂತ ಎಲ್ಲರೂ ಕೇಳುತ್ತಾರೆ. ಸಿಗುತ್ತದೆ ಅಂತ ನಂಬಿಕೊಂಡು ಹೊರಡಬೇಡಿ. 1989ರ ರೈಲ್ವೆ ಕಾಯ್ದೆಯ 100ನೇ ಕಲಂ ಪ್ರಕಾರ, ನಾವೇ ಜೊತೆಗೆ ಒಯ್ಯುವ ಚೀಲಕ್ಕೆ, ಅವರ ಸಿಬ್ಬಂದಿಯ ತಪ್ಪು ಅಥವಾ ಅಲಕ್ಷ್ಯ ತೋರಿಸದ ಹೊರತು, ರೈಲ್ವೆ ಹೊಣೆಯಲ್ಲ. ಸೊಂಟದ ಪಟ್ಟಿಯಲ್ಲಿದ್ದ ಒಂದು ಲಕ್ಷ ರೂಪಾಯಿ ಕಳೆದುಕೊಂಡ ಪ್ರಯಾಣಿಕರೊಬ್ಬರ ಪ್ರಕರಣದಲ್ಲಿ, 2023ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಇದು ಸೇವೆಯ ಲೋಪ ಅಲ್ಲ ಅಂದಿತು. ಆದರೆ ರಿಸರ್ವ್ ಬೋಗಿಗೆ ಟಿಕೆಟ್ ಇಲ್ಲದವರನ್ನು ಬಿಟ್ಟದ್ದರಿಂದ ಕಳವಾಯಿತು ಅಂತ ತೋರಿಸಿದವರಿಗೆ ಗ್ರಾಹಕ ಆಯೋಗಗಳು ಪರಿಹಾರ ಕೊಡಿಸಿದ್ದೂ ಉಂಟು. ಹಾಗಾಗಿ ರಾತ್ರಿ ಸಂಬಂಧವಿಲ್ಲದವರು ಓಡಾಟದ ದಾರಿಯಲ್ಲಿ ಕೂತರೆ 139ಕ್ಕೆ ಆಗಲೇ ಹೇಳಲಿ. ಕರೆಯ ದಾಖಲೆ ಉಳಿಯುತ್ತದೆ, ಅನೇಕ ಸಲ ಆರ್‌ಪಿಎಫ್‌ನವರು ಬಂದು ಇಳಿಸಿಯೂ ಬಿಡುತ್ತಾರೆ. ಅಪ್ಪನಿಗೆ ಹಿಂದಿಯಲ್ಲಿ ಹೇಳಲು ಕಷ್ಟವಾದರೆ ಕರೆ ನೀವು ಮಾಡಿ. ಪಿಎನ್‌ಆರ್ ನಂಬರ್ ಇದ್ದರೆ ದಾವಣಗೆರೆಯಿಂದಲೂ ಆಗುತ್ತದೆ. ಟಿಕೆಟ್ಟಿನ ಫೋಟೋ ನಿಮ್ಮ ಫೋನಿನಲ್ಲಿ ಇರಲಿ.

ಕೊನೆಗೆ ಒಂದು ಘಟನೆ ಹೇಳುತ್ತೇನೆ. ಒಂದು ಬೆಳಗ್ಗೆ ನಮ್ಮ ಠಾಣೆಗೆ ವಯಸ್ಸಾದ ಗಂಡ ಹೆಂಡತಿ ಬಂದರು. ಪರ್ಸು, ಫೋನು ಎರಡೂ ಹೋಗಿದ್ದವು. ಯಜಮಾನರು ಮಾತು ಮಾತಿಗೂ ಖಾಲಿ ಅಂಗಿ ಜೇಬು ಮುಟ್ಟಿಕೊಳ್ಳುತ್ತಿದ್ದರು, ಅಲ್ಲೇ ಇರಬಹುದೇನೋ ಅನ್ನುವ ಹಾಗೆ. ಮನೆಗೆ ಫೋನ್ ಮಾಡಲು ನನ್ನ ಫೋನು ಕೊಟ್ಟೆ. ತೆಗೆದುಕೊಳ್ಳಲಿಲ್ಲ. ‘ಮಗನಿಗೆ ಹೇಳೋದು ಬೇಡ. ಇನ್ನು ಮುಂದೆ ಎಲ್ಲೂ ಕಳಿಸಲ್ಲ ಅಂತಾನೆ’ ಅಂದರು. ಕಳವಾಗಿ ಆಗಲೇ ಐದು ಗಂಟೆ ಆಗಿತ್ತು. ನಾನೇ ಬಲವಂತ ಮಾಡಿ ಮಗನಿಗೆ ಫೋನ್ ಹಚ್ಚಿ ಬ್ಯಾಂಕಿಗೆ ಹೇಳಿಸಿದೆ. ಅಷ್ಟರೊಳಗೆ ಖಾತೆಯಿಂದ ಎರಡು ಸಲ ದುಡ್ಡು ಹೋಗಿತ್ತು. ಬೈಗುಳಕ್ಕೆ ಹೆದರಿ ಸುಮ್ಮನಿದ್ದ ಆ ಐದು ಗಂಟೆಯಲ್ಲಿ ಹೋದದ್ದು ಅದು.

ಅದಕ್ಕೇ ಬೀಗ, ಚೈನು ಎಲ್ಲ ಕೊಡಿಸುವಾಗ ಅಪ್ಪನನ್ನು ಕೂರಿಸಿಕೊಂಡು ಇದನ್ನೂ ಹೇಳಿ: ‘ಏನೇ ಹೋದರೂ ನಾನು ಬೈಯಲ್ಲ ಅಪ್ಪ. ಮೊದಲು ನನಗೆ ಫೋನ್ ಮಾಡಿ, ರಾತ್ರಿ ಮೂರು ಗಂಟೆಯಾದರೂ ಸರಿ.’ ಫೋನೇ ಹೋಗಿದ್ದರೆ ಪಕ್ಕದವರಿಂದ ಇಸಕೊಂಡು ಮಾಡಬೇಕಲ್ಲ, ಆಗ ನಿಮ್ಮ ನಂಬರ್ ನೆನಪಿಗೆ ಬರುವುದಿಲ್ಲ. ಒಂದು ಸಣ್ಣ ಚೀಟಿಯಲ್ಲಿ ನಿಮ್ಮ ನಂಬರ್, ಪಿಎನ್‌ಆರ್, ಇಬ್ಬರ ಮಾತ್ರೆಗಳ ಹೆಸರು, ರಕ್ತದ ಗುಂಪು ಬರೆದು, ಪ್ಲಾಸ್ಟಿಕ್ ಹೊದಿಸಿ, ಎರಡು ಪ್ರತಿ ಮಾಡಿ. ಒಂದು ಅಪ್ಪನ ಬನಿಯನ್ ಜೇಬಿಗೆ, ಇನ್ನೊಂದು ಅಮ್ಮನ ಲಂಗದ ಜೇಬಿಗೆ.